ಮೂರನೆಯ ಸಂಪುಟ ತೀರಿಸಬೇಕಾದ ಸಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಅಜ್ಜಿಕಥೆ ಮುಗಿಯುವ ಬಗೆ ನಮಗೆಲ್ಲ ಗೊತ್ತು: ‘ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ.’ ಒಂದು ರಾತ್ರಿಯ ಕಥೆಗೆ ಅಷ್ಟು ಸಾಕು. ವರ್ಷಕ್ಕೊಂದರಂತೆ ಬಂದು ಸಾವಿರ ಪುಟ ದಾಟಿದ ಮೂರು ಸಂಪುಟಗಳ ಕಥೆಗೆ ಅದು ಸಾಲದು. ಅದರಲ್ಲೂ ಹದಿಹರೆಯದವರಿಗಾಗಿ ಬರೆದ ಡಿಸ್ಟೋಪಿಯಾ ಕಾದಂಬರಿಗಳದ್ದು, ಅಂದರೆ ದಬ್ಬಾಳಿಕೆಯ ಕೆಟ್ಟ ನಾಳೆಯನ್ನು ಕಲ್ಪಿಸುವ ಕಾದಂಬರಿಗಳದ್ದು, ಎರಡು ಗಂಟಿನ ಕಥೆ. ಕ್ರೂರ ಪ್ರಭುತ್ವ ಏನಾಯಿತು ಅನ್ನುವುದು ಒಂದು ಗಂಟು, ಅದರ ಕೆಳಗೆ ಪ್ರೀತಿಸಿದವರು ಏನಾದರು ಅನ್ನುವುದು ಇನ್ನೊಂದು. ಒಂದೇ ಎಳೆ ಎಳೆದಾಗ ಎರಡೂ ಬಿಚ್ಚಿಕೊಂಡರೆ ಓದುಗರಿಗೆ ಸಮಾಧಾನ.

ಹಾಗೆ ಬಿಚ್ಚಿಕೊಂಡ ಒಂದು ಕೃತಿಯನ್ನೇ ಕೈಗೆತ್ತಿಕೊಳ್ಳೋಣ. ಅಮೆರಿಕದ ಸುಝೇನ್ ಕಾಲಿನ್ಸ್ ಅವರ ‘ದ ಹಂಗರ್ ಗೇಮ್ಸ್’ 2008ರಲ್ಲಿ ಬಂತು, ಮೂರನೆಯ ಸಂಪುಟ ‘ಮಾಕಿಂಗ್‌ಜೇ’ 2010ರ ಆಗಸ್ಟ್‌ನಲ್ಲಿ. ಮೂರೂ ಪುಸ್ತಕಗಳ ಅಳತೆ ಒಂದೇ: ಮೂರು ಭಾಗ, ಭಾಗಕ್ಕೆ ಒಂಬತ್ತು ಅಧ್ಯಾಯ, ಒಟ್ಟು 27. ಇನ್ನು ಮುಂದೆ ಅಂತ್ಯವನ್ನು ಬಿಚ್ಚಿ ಹೇಳುತ್ತೇನೆ. ಓದಬೇಕೆಂದು ಎತ್ತಿಟ್ಟುಕೊಂಡವರು ರೇಡಿಯೋ ದನಿ ತಗ್ಗಿಸಬಹುದು!

ಗೇಲ್ ಎಂಬ ಹುಡುಗನನ್ನು ಗಮನಿಸಿ. ಮೊದಲ ಸಂಪುಟದಲ್ಲಿ ಅವನು ಕಾಡಿನಲ್ಲಿ ಉರುಲು ಹಾಕುತ್ತಾನೆ, ಮೊಲ ಹಿಡಿಯುತ್ತಾನೆ. ಅವನೂ ನಾಯಕಿ ಕ್ಯಾಟ್ನಿಸ್‌ಳೂ ಬೇಟೆಯಾಡಿಯೇ ಎರಡು ಮನೆಗಳ ಹೊಟ್ಟೆ ತುಂಬಿಸುತ್ತಿದ್ದವರು. ಆಗ ಆ ಉರುಲು ಒಲವಿನ ಗುರುತು. ಮೂರನೆಯ ಸಂಪುಟದ ನಡುವೆ ಅದೇ ಜಾಣತನ ಯುದ್ಧಕ್ಕೆ ತಿರುಗುತ್ತದೆ. ಶತ್ರುಗಳ ಬೆಟ್ಟದೊಳಗಿನ ಸೇನಾನೆಲೆಯನ್ನು ಭೂಕುಸಿತ ಮಾಡಿಸಿ ಮುಚ್ಚೋಣ ಅನ್ನುವವನು ಗೇಲ್. ಎರಡು ಹಂತದಲ್ಲಿ ಸಿಡಿಯುವ ಬಾಂಬಿನ ಕಲ್ಪನೆಯಲ್ಲೂ ಅವನ ಪಾಲಿದೆ. ಮೊದಲ ಸಿಡಿತಕ್ಕೆ ಗಾಯಾಳುಗಳು ಬೀಳುತ್ತಾರೆ, ಅವರನ್ನು ಎತ್ತಲು ಜನ ಓಡಿ ಬಂದಾಗ ಎರಡನೆಯದು ಸಿಡಿಯುತ್ತದೆ. ಮನುಷ್ಯರ ಕರುಣೆಯೇ ಅಲ್ಲಿ ಉರುಲಿಗೆ ಇಟ್ಟ ಆಹಾರ.

ಕೊನೆಯಲ್ಲಿ ರಾಜಧಾನಿಯ ಮಕ್ಕಳ ಗುಂಪಿನ ಮೇಲೆ ಬೀಳುವುದು ಅಂಥದ್ದೇ ಬಾಂಬು. ಶುಶ್ರೂಷೆಗೆ ಓಡಿ ಬಂದು ಎರಡನೆಯ ಸಿಡಿತಕ್ಕೆ ಬಲಿಯಾಗುವವಳು ಕ್ಯಾಟ್ನಿಸ್‌ಳ ತಂಗಿ ಪ್ರಿಮ್. ಮೊದಲ ಪುಸ್ತಕದಲ್ಲಿ, ರಾಜಧಾನಿಯವರು ಮಕ್ಕಳನ್ನು ಕಣಕ್ಕಿಳಿಸಿ ಸಾಯುವತನಕ ಕಾದಾಡಿಸುವ ಸಾವಿನ ಆಟಕ್ಕೆ ಅಕ್ಕ ತಾನಾಗಿ ಹೆಸರು ಕೊಟ್ಟಿದ್ದೇ ಈ ತಂಗಿಯನ್ನು ಉಳಿಸಲು. ಅದು ನನ್ನ ಬಾಂಬಲ್ಲ ಎಂದು ಹೇಳಲು ಗೇಲ್‌ಗೆ ಆಗುವುದಿಲ್ಲ. ಅಲ್ಲಿಗೆ ಕ್ಯಾಟ್ನಿಸ್, ಗೇಲ್ ಮತ್ತು ಅವಳೊಡನೆ ಸಾವಿನ ಆಟಕ್ಕಿಳಿದಿದ್ದ ಪೀಟಾ, ಈ ಮೂವರ ಪ್ರೇಮದ ತ್ರಿಕೋನ ಮುಗಿಯಿತು. ಇಬ್ಬರು ಹುಡುಗರಲ್ಲಿ ಒಬ್ಬನನ್ನು ಸಾಯಿಸಿ ನಾಯಕಿಯ ಕೆಲಸ ಹಗುರ ಮಾಡುವ ಹಳೆಯ ಉಪಾಯ ಇಲ್ಲಿ ಬೇಕಾಗಲಿಲ್ಲ, ಮಳೆಯಲ್ಲಿ ನಿಂತು ಆಡುವ ಮಾತೂ ಬೇಕಾಗಲಿಲ್ಲ.

ರಾಜಕೀಯದ ಗಂಟನ್ನೂ ಇದೇ ಬಾಂಬು ಬಿಚ್ಚುತ್ತದೆ. ಹಾಕಿಸಿದ್ದು ಬಂಡುಕೋರರ ನಾಯಕಿ ಕಾಯಿನ್ ಎಂದು ಹೇಳುವವನು ಸೋತ ಸರ್ವಾಧಿಕಾರಿ ಸ್ನೋ. ಅವನ ಮಾತನ್ನು ಯಾರು ನಂಬಬೇಕು? ಇಲ್ಲೊಂದು ಕುಸುರಿ ಕೆಲಸ ಇದೆ. ನಾವು ಒಬ್ಬರಿಗೊಬ್ಬರು ಸುಳ್ಳು ಹೇಳುವುದು ಬೇಡ ಎಂಬ ಒಪ್ಪಂದ ಸ್ನೋ ಮತ್ತು ಕ್ಯಾಟ್ನಿಸ್ ನಡುವೆ ಎರಡನೆಯ ಸಂಪುಟದ ಆರಂಭದಲ್ಲೇ ಆಗಿರುತ್ತದೆ. ಅಲ್ಲಿ ಒಂದು ಸಾಲು ಊರಿಟ್ಟಿದ್ದಕ್ಕೆ ಇಲ್ಲಿ ಇಡೀ ಅಧ್ಯಾಯದ ವಿವರಣೆ ಉಳಿಯಿತು. ಆಮೇಲೆ ಕಾಯಿನ್ ಇನ್ನೊಂದು ಸಾವಿನ ಆಟ ನಡೆಸೋಣ, ಈ ಸಲ ರಾಜಧಾನಿಯವರ ಮಕ್ಕಳನ್ನು ಇಳಿಸೋಣ ಅನ್ನುತ್ತಾಳೆ. ಹಿಂದಿನ ಆಟಗಳಲ್ಲಿ ಗೆದ್ದು ಬದುಕುಳಿದ ಏಳು ಮಂದಿ ಮತ ಹಾಕುತ್ತಾರೆ. ನಾಲ್ಕು ಪರ, ಮೂರು ವಿರುದ್ಧ. ಕ್ಯಾಟ್ನಿಸ್ ಪರ! ಮುಂದೆ ಸ್ನೋನನ್ನು ಕೊಲ್ಲಲೆಂದು ಕೈಗಿತ್ತ ಬಾಣವನ್ನು ಅವಳು ಕಾಯಿನ್‌ಗೆ ಬಿಡುತ್ತಾಳೆ. ಆಗ ಆ ಮತದ ಅರ್ಥವನ್ನು ನಾವೇ ಹಿಂದಕ್ಕೆ ಹೋಗಿ ಯೋಚಿಸಬೇಕು.

ಬರೆಯುವವರಿಗೆ ಇದರಿಂದ ಒಂದು ಕೆಲಸ ಸಿಗುತ್ತದೆ. ಮೂರನೆಯದನ್ನು ಆರಂಭಿಸುವ ಮೊದಲು ನಿಮ್ಮ ಮೊದಲೆರಡು ಸಂಪುಟಗಳನ್ನು ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಓದಿ. ಕೊಟ್ಟ ಮಾತು, ಮುಚ್ಚಿಟ್ಟ ಗುಟ್ಟು, ಎರಡು ಸಲ ಕಾಣಿಸಿಕೊಂಡ ವಸ್ತು, ನಾಯಕಿಗೆ ಬರುವ ಕೈಕೆಲಸ, ಎಲ್ಲವನ್ನೂ ಪುಟಸಂಖ್ಯೆಯೊಡನೆ ಬರೆದುಕೊಳ್ಳಿ. ಸಣ್ಣ ಪ್ರಶ್ನೆಗಳನ್ನು ಮೂರನೆಯ ಸಂಪುಟದ ಮೊದಲ ಅರ್ಧದಲ್ಲೇ ತೀರಿಸಿಬಿಡಿ. ಎಲ್ಲವನ್ನೂ ಕೊನೆಯ ಐವತ್ತು ಪುಟಕ್ಕೆ ತಂದರೆ ಅಂತ್ಯ ಅಂಗಡಿಯ ಚೀಟಿಯಂತೆ ಓದಿಸಿಕೊಳ್ಳುತ್ತದೆ. ಪ್ರಭುತ್ವವನ್ನು ಬೀಳಿಸುವ ಉಪಾಯ ಈ ಪಟ್ಟಿಯಿಂದಲೇ ಬರಬೇಕು. ಪಟ್ಟಿಯಲ್ಲಿಲ್ಲದ ಹೊಸ ಆಯುಧ, ಹೊಸ ವಿಜ್ಞಾನಿ, ಹೊಸ ನಗರ ಬಂದರೆ ಓದುಗರು ಮೋಸ ಹೋದೆವು ಅಂದುಕೊಳ್ಳುತ್ತಾರೆ.

ವೆರೋನಿಕಾ ರಾತ್ ಅವರ ‘ಅಲೀಜಿಯಂಟ್’ಗೆ ಆದದ್ದು ಹೆಚ್ಚುಕಡಿಮೆ ಇದೇ. 2011ರ ‘ಡೈವರ್ಜೆಂಟ್’ನಿಂದ ಶುರುವಾದ ಸರಣಿಯ ಈ ಮೂರನೆಯ ಸಂಪುಟ ಬಂದದ್ದು 2013ರಲ್ಲಿ. ನಾಯಕಿ ಟ್ರಿಸ್ ಅದರಲ್ಲಿ ಸಾಯುತ್ತಾಳೆ, ಓದುಗರು ಸಿಟ್ಟಾದರು. ಆ ಸಾವು ತಪ್ಪು ಎಂದು ನನಗನ್ನಿಸುವುದಿಲ್ಲ. ಒಂದೊಂದು ಗುಣಕ್ಕೆ ಒಂದೊಂದು ಪಂಗಡವಾಗಿ ಜನ ಹಂಚಿಹೋದ ಆ ಊರಿನಲ್ಲಿ ತ್ಯಾಗದ ಪಂಗಡದಲ್ಲಿ ಹುಟ್ಟಿ, ತಾಯಿ ತನಗಾಗಿ ಪ್ರಾಣ ಬಿಟ್ಟದ್ದನ್ನು ಕಂಡವಳು ಅಣ್ಣನ ಬದಲು ತಾನು ಸಾವಿನ ಬಾಯಿಗೆ ಹೋಗುವುದಕ್ಕೆ ಬೀಜ ಮೊದಲೇ ಬಿದ್ದಿತ್ತು. ಎಡವಿದ್ದು ಬೇರೆ ಕಡೆ. ಮೊದಲೆರಡು ಸಂಪುಟ ಟ್ರಿಸ್ ಒಬ್ಬಳ ದನಿಯಲ್ಲಿ ಸಾಗಿ, ಮೂರನೆಯದು ಅವಳದೂ ಪ್ರಿಯಕರ ಟೊಬಾಯಸ್‌ನದೂ ಎಂದು ಇಬ್ಭಾಗವಾಗುತ್ತದೆ. ಎಚ್ಚರದ ಓದುಗರಿಗೆ ಅಲ್ಲೇ ಸುಳಿವು ಸಿಕ್ಕಿತು: ಒಬ್ಬರು ಇಲ್ಲವಾದರೂ ಕಥೆ ಹೇಳಲು ಇನ್ನೊಬ್ಬರು ಬೇಕು. ಎರಡು ದನಿಗಳೂ ಒಂದೇ ಥರ ಕೇಳಿಸಿ, ಇದು ಯಾರ ಅಧ್ಯಾಯ ಎಂದು ತಲೆಬರಹ ನೋಡಬೇಕಾಯಿತು. ಸಾಲದ್ದಕ್ಕೆ ಪಂಗಡಗಳೇಕೆ ಹುಟ್ಟಿದವು ಎಂಬುದಕ್ಕೆ ವಂಶವಾಹಿಗಳ ವಿವರಣೆ ಶಿಕಾಗೋದ ವಿಮಾನನಿಲ್ದಾಣದಲ್ಲಿ ಪಾಠದಂತೆ ಬಂತು. ಕೊನೆಗೆ ಎದುರಾಳಿಗಳ ನೆನಪನ್ನು ಅಳಿಸಿ ಗೆಲ್ಲುತ್ತಾರೆ. ನೆನಪು ಅಳಿಸುವುದು ಎದುರಾಳಿಗಳದೇ ಹೂಟ. ‘ಮಾಕಿಂಗ್‌ಜೇ’ ಬಾಣ ಬಿಟ್ಟದ್ದು ಇಂಥ ಗೆಲುವಿನ ಎದೆಗೇ.

ಹಾಗೆಂದು ‘ಮಾಕಿಂಗ್‌ಜೇ’ ಕುಂದಿಲ್ಲದ್ದೇನಲ್ಲ. ನಾಯಕಿ ಮತ್ತೆ ಮತ್ತೆ ಪ್ರಜ್ಞೆ ತಪ್ಪುತ್ತಾಳೆ, ದೊಡ್ಡ ಘಟನೆಗಳು ಅವಳ ಬೆನ್ನ ಹಿಂದೆ ನಡೆಯುತ್ತವೆ. ಅವಳ ವಿಚಾರಣೆಯೂ ಅವಳಿಲ್ಲದೆಯೇ ಮುಗಿಯುತ್ತದೆ. ಉತ್ತಮ ಪುರುಷದ ‘ನಾನು’ ಹಿಡಿದವರಿಗೆ ಈ ತೊಡಕು ತಪ್ಪಿದ್ದಲ್ಲ. ಮುಖ್ಯ ಘಟನೆ ಎಲ್ಲಿ ನಡೆಯುತ್ತದೋ ಅಲ್ಲಿಗೆ ಆ ‘ನಾನು’ ಹೋಗಲು ಕಾರಣವನ್ನು ಮೊದಲೇ ಹೊಂದಿಸಿಟ್ಟುಕೊಳ್ಳಬೇಕು.

ಇನ್ನು ಪ್ರೀತಿ. ಶತ್ರುಗಳು ಕಣಜದ ವಿಷ ಕೊಟ್ಟು ಪೀಟಾನ ನೆನಪುಗಳನ್ನು ಕೆಡಿಸಿರುತ್ತಾರೆ. ಯಾವುದು ನಡೆದದ್ದು, ಯಾವುದು ತುರುಕಿದ್ದು ಎಂದು ತಿಳಿಯಲು ಅವನು ಜೊತೆಗಾರರನ್ನು ಕೇಳುತ್ತಿರುತ್ತಾನೆ: ‘ನಿಜವೋ, ಅಲ್ಲವೋ?’ ಮೊದಲು ಅದು ಚಿಕಿತ್ಸೆ, ಆಮೇಲೆ ರೂಢಿ. 26ನೆಯ ಅಧ್ಯಾಯ ಕಾಯಿನ್‌ಳ ಸಾವಿಗೆ ಮುಗಿಯುತ್ತದೆ. ಉಳಿದ ಒಂದೇ ಅಧ್ಯಾಯದಲ್ಲಿ ಸುಟ್ಟ ಊರಿಗೆ ಮರಳುವುದು, ಪೀಟಾ ಮನೆಯ ಬದಿಗೆ ಪ್ರಿಮ್‌ಳ ಹೆಸರಿನ ಹೂಗಿಡ ನೆಡುವುದು, ಸತ್ತವರ ನೆನಪಿನ ಪುಸ್ತಕ. ಕೊನೆಗೆ ಅವನು ಪ್ರೀತಿಯ ಬಗ್ಗೆಯೂ ಅದೇ ಪ್ರಶ್ನೆ ಕೇಳುತ್ತಾನೆ. ಅವಳ ಉತ್ತರ ಒಂದೇ ಪದ. ಅಷ್ಟು ಹೊತ್ತಿಗೆ ಆ ಪದಕ್ಕೆ ತೂಕ ಬಂದಿರುತ್ತದೆ.

ಉಪಸಂಹಾರ ಬರೆಯುವುದಾದರೆ ಮೂರ್ನಾಲ್ಕು ಪುಟ ದಾಟದಿರಲಿ. ಎಲ್ಲರ ಮದುವೆ, ಎಲ್ಲರ ಮಕ್ಕಳ ನಾಮಕರಣ ಮಾಡುವ ಚಪಲ ಅಲ್ಲೇ ಬರುವುದು. ಕ್ಯಾಟ್ನಿಸ್ ಮಕ್ಕಳು ಬೇಕೆಂದು ಒಪ್ಪಲು ಹದಿನೈದು ವರ್ಷ ಹಿಡಿಯುತ್ತದೆ. ಹುಟ್ಟಿದ ಹುಡುಗಿಗೂ ಹುಡುಗನಿಗೂ ಪುಸ್ತಕದಲ್ಲಿ ಹೆಸರಿಲ್ಲ. ಅವರಿಬ್ಬರೂ ಹುಲ್ಲುಗಾವಲಲ್ಲಿ ಆಡುತ್ತಿದ್ದಾರೆ. ಅದು ಊರಿನವರನ್ನು ಹೂತ ನೆಲ ಎಂದು ಅವರಿಗೆ ಇನ್ನೂ ಗೊತ್ತಿಲ್ಲ.

ನಮಸ್ಕಾರ.