ಎಷ್ಟು ದಿನದಲ್ಲಿ ಹೀಗಾಯ್ತು?

ಎಲ್ಲರಿಗೂ ನಮಸ್ಕಾರ. ಇವತ್ತು ಫೆಬ್ರವರಿ 22, ವಿಶ್ವ ಎನ್ಸೆಫಲೈಟಿಸ್ ದಿನ. ಎನ್ಸೆಫಲೈಟಿಸ್ ಅಂದರೆ ಮಿದುಳಿನ ಉರಿಯೂತ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಅದೂ ಸಂಜೆ ಹೊತ್ತಿನಲ್ಲಿ, ಕಾಯಿಲೆ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ನಿಮ್ಮ ತಾಳ್ಮೆ ದೊಡ್ಡದು.

ಮೆದುಳು ಜ್ವರ ನಿಮಗೆಲ್ಲ ಗೊತ್ತು, ಅದಕ್ಕೆ ಲಸಿಕೆಯೂ ಇದೆ. ನಾನು ಮಾತಾಡುವುದು ಅದರ ಬಗ್ಗೆ ಅಲ್ಲ. ಆಟೋಇಮ್ಯೂನ್ ಎನ್ಸೆಫಲೈಟಿಸ್ ಸೊಳ್ಳೆಯಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಮಿದುಳಿನ ಮೇಲೆ ತಿರುಗಿಬೀಳುತ್ತದೆ.

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಡಿಗ್ರಿ ಓದುತ್ತಿದ್ದವಳು. ಮೊದಲು ಸ್ವಲ್ಪ ಜ್ವರ, ತಲೆನೋವು. ಆಮೇಲೆ ನಿದ್ದೆ ಹೋಯಿತು. ಮೊಬೈಲ್ ತನ್ನ ಮಾತು ಕದ್ದು ಕೇಳುತ್ತಿದೆ ಅಂದಳು. ಪರೀಕ್ಷೆ ಟೆನ್ಷನ್ ಅಂದರು ಅಪ್ಪ. ದೃಷ್ಟಿ ತಗುಲಿದೆ ಅಂದರು ಅತ್ತೆ. ತಾಯತ ಕಟ್ಟಿಸಿದ್ದಾಯಿತು, ಮನೋವೈದ್ಯರಿಗೆ ತೋರಿಸಿದ್ದೂ ಆಯಿತು. ಅಲ್ಲಿ ಕೊಟ್ಟ ಇಂಜೆಕ್ಷನ್ನಿಗೆ ಮೈ ಮರದ ಹಾಗೆ ಸೆಟೆದುಕೊಂಡಿತು, ಮಾತು ನಿಂತಿತು. ಈ ಕಾಯಿಲೆಯವರಿಗೆ ಅಂಥ ಔಷಧಿ ಸುಲಭವಾಗಿ ಒಗ್ಗುವುದಿಲ್ಲ. ಅದೇ ಒಂದು ಸುಳಿವು.

ನನ್ನ ಹತ್ತಿರ ಕರೆದುಕೊಂಡು ಬಂದಾಗ ಹತ್ತು ಜನ ಹತ್ತು ಮಾತು ಆಡುತ್ತಿದ್ದರು. ಮೂಲೆಯಲ್ಲಿ ಅಜ್ಜಿ ಸುಮ್ನೆ ಕೂತಿದ್ದರು. "ಎಷ್ಟು ದಿನದಲ್ಲಿ ಹೀಗಾಯ್ತಮ್ಮ?" ಅಂತ ಅವರನ್ನು ಕೇಳಿದೆ. "ಸಂಕ್ರಾಂತಿಗೆ ಚೆನ್ನಾಗಿದ್ಲು ಸ್ವಾಮಿ, ಬೀದಿಗೆಲ್ಲ ಎಳ್ಳು ಬೀರಿ ಬಂದ್ಲು. ರಥಸಪ್ತಮಿ ಹೊತ್ತಿಗೆ ನನ್ನೇ ಯಾರು ಅಂದ್ಲು. ಬಾಯಲ್ಲಿ ಏನೂ ಇಲ್ಲ, ಅಗೀತಾನೇ ಇರ್ತಾಳೆ. ಎಲೆ ಅಡಿಕೆ ಇದೆಯೇನೋ ಅಂತ ಬೆರಳು ಹಾಕಿ ನೋಡಿದೆ, ಕಚ್ಚೇಬಿಟ್ಲು!" ಬೆರಳೂ ತೋರಿಸಿದರು. ನಗಬೇಡಿ, ಅಜ್ಜಿ ಅರ್ಧ ಡಯಾಗ್ನೋಸಿಸ್ ಮಾಡಿಬಿಟ್ಟಿದ್ದರು. ಎರಡು ಹಬ್ಬದ ನಡುವೆ ಮನುಷ್ಯರೇ ಬದಲಾಗಿಬಿಟ್ಟರೆ, ಜೊತೆಗೆ ಫಿಟ್ಸ್ ಬಂದರೆ, ಬಾಯಿ, ಕೈ ತಮ್ಮಷ್ಟಕ್ಕೆ ಆಡುತ್ತಿದ್ದರೆ, ಅದನ್ನು ಬರೀ ಮನಸ್ಸಿನ ಕಾಯಿಲೆ ಅಂತ ಬಿಟ್ಟುಬಿಡಬಾರದು.

ಅವಳ ಎಂಆರ್‌ಐ ನಾರ್ಮಲ್ ಬಂತು. ಮನೆಯವರು ಖುಷಿಪಟ್ಟರು. ನನಗೆ ಖುಷಿಯಾಗಲಿಲ್ಲ, ಯಾಕೆಂದರೆ ಇದರಲ್ಲಿ ಎಂಆರ್‌ಐ ಎಷ್ಟೋ ಸಲ ನಾರ್ಮಲ್ಲೇ ಇರುತ್ತದೆ. ಮಿದುಳಿನ ವಿದ್ಯುತ್ ಅಲೆ ತೋರಿಸುವ ಇಇಜಿಯಲ್ಲಿ ಅಲೆಗಳು ನಿಧಾನವಾಗಿದ್ದವು. ಬೆನ್ನುಹುರಿ ನೀರು ತೆಗೆಸಲು ಅಪ್ಪ ಒಪ್ಪಲಿಲ್ಲ, "ಸೊಂಟ ಬಿದ್ದುಹೋಗುತ್ತಂತೆ" ಅಂದರು. ಯಾರು ಹೇಳಿದ್ದು? ವಾಟ್ಸಾಪ್. ಕೊನೆಗೆ ಅಜ್ಜಿಯೇ ಗದರಿಸಿ ಒಪ್ಪಿಸಿದರು. ರಕ್ತದಲ್ಲಿ ಸಿಗದ ಆಂಟಿಬಾಡಿ, ಅಂದರೆ ಮಿದುಳಿನ ಮೇಲೆ ದಾಳಿ ಮಾಡುವ ಪ್ರತಿಕಾಯ, ಆ ನೀರಿನಲ್ಲಿ ಸಿಕ್ಕಿತು. ಅದಕ್ಕೇ ಡಾಕ್ಟರುಗಳೇ, ಎರಡನ್ನೂ ಕಳಿಸಿ.

ಎನ್‌ಎಂಡಿಎ ರಿಸೆಪ್ಟರ್ (ಮಿದುಳಿನ ನರಕೋಶಗಳು ಸಂದೇಶ ಪಡೆಯುವ ಒಂದು ಪ್ರೋಟೀನ್) ಮೇಲೆ ದಾಳಿ ಮಾಡುವ ಈ ಆಂಟಿಬಾಡಿಯನ್ನು ನರರೋಗ ತಜ್ಞ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು ಗುರುತಿಸಿ ಬರೆದದ್ದು 2007ರಲ್ಲಿ. ಅವರು ನೋಡಿದ 12 ಜನರೂ ಹೆಂಗಸರು, ಎಲ್ಲರಿಗೂ ಟೆರಟೋಮ ಅನ್ನುವ ಗೆಡ್ಡೆ, ಹೆಚ್ಚಿನವರಿಗೆ ಅಂಡಾಶಯದಲ್ಲಿ. ಅದರೊಳಗೆ ಕೂದಲು, ಹಲ್ಲು, ನರದ ಅಂಶ ಕೂಡ ಇರಬಹುದು. ಆ ನರದ ಅಂಶದ ವಿರುದ್ಧ ಹುಟ್ಟಿದ ಆಂಟಿಬಾಡಿ ಮಿದುಳನ್ನೂ ಬಿಡುವುದಿಲ್ಲ. ಹುಡುಗಿಯರಿಗೆ ತಲೆಯ ಜೊತೆ ಹೊಟ್ಟೆಯ ಸ್ಕ್ಯಾನೂ ಮಾಡಿಸುವುದು ಇದಕ್ಕೇ. ಗೆಡ್ಡೆ ಇದ್ದರೆ ತೆಗೆಸಲೇಬೇಕು. ಇಲ್ಲದವರೂ ಎಷ್ಟೋ ಜನ ಇದ್ದಾರೆ, ಗಂಡಸರು, ಮಕ್ಕಳು.

ವಯಸ್ಸಾದವರದ್ದು ಬೇರೆ ಥರ. ಎಲ್‌ಜಿಐ1 ಅನ್ನುವ ಮಿದುಳಿನ ಪ್ರೋಟೀನ್ ಮೇಲೆ ದಾಳಿ ಮಾಡುವ ಇನ್ನೊಂದು ಆಂಟಿಬಾಡಿ. ಮುಖ ಮತ್ತು ಅದೇ ಪಕ್ಕದ ಕೈ ಸೆಕೆಂಡುಗಳಷ್ಟು ಹೊತ್ತು ಸೆಳೆಯುತ್ತದೆ, ದಿನಕ್ಕೆ ಎಷ್ಟೋ ಸಲ. ಕೈಯಲ್ಲಿದ್ದ ಕಾಫಿ ಲೋಟ ಬೀಳುತ್ತದೆ. ಸೋಡಿಯಂ ಇಳಿಯುತ್ತದೆ, ನೆನಪು ಕೈಕೊಡುತ್ತದೆ. ಅರವತ್ತಕ್ಕೆ ಅರಳು ಮರಳು ಅಂತ ನಾವು ಕೈ ತೊಳೆದುಕೊಳ್ಳುತ್ತೇವೆ. ಅಲ್ಲೂ ಅದೇ ಪ್ರಶ್ನೆ ಕೇಳಿ: ಎಷ್ಟು ದಿನದಲ್ಲಿ? ಮರೆವಿನ ಕಾಯಿಲೆಗೆ ಸಾಮಾನ್ಯವಾಗಿ ವರ್ಷಗಳು ಬೇಕು. ಇದಕ್ಕೆ ಕೆಲವು ವಾರ ಸಾಕು.

ಚೀಟಿ ಬಂತು, ಐದು ನಿಮಿಷ ಅಂತೆ. ಹಾಗಾದರೆ ಚಿಕಿತ್ಸೆ.

ಮಿಥೈಲ್‌ಪ್ರೆಡ್ನಿಸೊಲೋನ್, ಅಂದರೆ ಸ್ಟೆರಾಯ್ಡ್, ದಿನಕ್ಕೆ 1 ಗ್ರಾಂ, ಮೂರರಿಂದ ಐದು ದಿನ. ಜೊತೆಗೆ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್, ದೇಹದ ತೂಕದ ಒಂದು ಕೆಜಿಗೆ ದಿನಕ್ಕೆ 0.4 ಗ್ರಾಂ ಲೆಕ್ಕದಲ್ಲಿ ಐದು ದಿನ. ಅಥವಾ ಪ್ಲಾಸ್ಮಾ ಬದಲಾವಣೆ, ಅಂದರೆ ಆಂಟಿಬಾಡಿ ಇರುವ ರಕ್ತದ ದ್ರವ ತೆಗೆದು ಬೇರೆ ದ್ರವ ಹಾಕುವುದು. ಐವಿಐಜಿ ದುಬಾರಿ, ಮನೆಯವರಿಗೆ ಮೊದಲೇ ಹೇಳಿಬಿಡಿ. ಆಂಟಿಬಾಡಿ ರಿಪೋರ್ಟ್ ಬರುವ ತನಕ ಕಾಯುವುದು ಬೇಡ. ಸೋಂಕು ಅಲ್ಲ ಅನ್ನುವಷ್ಟು ನೋಡಿಕೊಂಡು ಶುರು ಮಾಡಿ. ಹರ್ಪಿಸ್ ವೈರಸ್ ಅನುಮಾನ ಇದ್ದರೆ ಅದರ ಔಷಧಿ ಅಸೈಕ್ಲೋವಿರ್ ಜೊತೆಗಿರಲಿ. ಇದಕ್ಕೆ ಬಗ್ಗದಿದ್ದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸುವ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್.

2013ರಲ್ಲಿ 577 ಎನ್‌ಎಂಡಿಎ ರೋಗಿಗಳ ದೊಡ್ಡ ಅಧ್ಯಯನ ಬಂತು. ವೈದ್ಯರು ಎರಡು ವರ್ಷದವರೆಗೆ ಗಮನಿಸುತ್ತಿದ್ದ ರೋಗಿಗಳಲ್ಲಿ ಶೇಕಡಾ 81ರಷ್ಟು ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಲಾಭ ಜಾಸ್ತಿ. ಆದರೆ ಚೇತರಿಕೆ ನಿಧಾನ, ಹದಿನೆಂಟು ತಿಂಗಳವರೆಗೂ ಸುಧಾರಿಸುತ್ತಲೇ ಇರುತ್ತಾರೆ. ಎರಡನೇ ತಿಂಗಳಿಗೇ ಕೈಚೆಲ್ಲಬೇಡಿ.

ಮರುಕಳಿಸುವುದು, ಹರ್ಪಿಸ್ ಆದಮೇಲೆ ಇದು ಬರುವುದು, ಮತ್ತೆ ಕಾಲೇಜಿಗೆ ಕಳಿಸುವುದು, ಈ ಮೂರು ಉಳಿದುಬಿಟ್ಟವು. ಕಾಫಿ ಕೊಡುವ ಕಡೆ ಇರುತ್ತೇನೆ, ಅಲ್ಲಿ ಕೇಳಿ. ಮನೆಯವರು ತೆಗೆದ ವಿಡಿಯೋ ಇದ್ದರೆ ತೋರಿಸಿ, ರಿಪೋರ್ಟ್ ಫೈಲ್ ಆಮೇಲೆ ನೋಡೋಣ.