ಸ್ಟೇರಿಂಗ್ ಬೀಗ ಬಿಡದಿದ್ದಾಗ

ಎಲ್ಲರಿಗೂ ನಮಸ್ಕಾರ. ಇವತ್ತು ಕಾರ್ವೆಟ್ ಸಿ5 ಬಗ್ಗೆ ಮಾತಾಡೋಣ. ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಇದು. 1997ರಿಂದ 2004ರವರೆಗಿನ ಮಾಡೆಲ್. 5.7 ಲೀಟರ್ ಎಂಜಿನ್ ಗಟ್ಟಿಮುಟ್ಟು, ಅದರ ಬಗ್ಗೆ ದೂರು ಕಡಿಮೆ. ಮಾಲೀಕರನ್ನು ಗೋಳು ಹೊಯ್ದುಕೊಂಡದ್ದು ಸ್ಟೇರಿಂಗ್ ಬೀಗ.

ಮಾಮೂಲಿ ಕಾರಿನಲ್ಲಿ ಕೀ ಹಾಕುವ ಜಾಗಕ್ಕೂ ಸ್ಟೇರಿಂಗ್ ಬೀಗಕ್ಕೂ ನೇರ ಸಂಬಂಧ ಇರುತ್ತದೆ. ಸಿ5ನಲ್ಲಿ ಕೀ ಹಾಕುವುದು ಡ್ಯಾಶ್‌ಬೋರ್ಡ್‌ಗೆ. ಹಾಗಾಗಿ ಸ್ಟೇರಿಂಗ್ ಕೂತಿರುವ ಕಂಬದ (ಕಾಲಮ್) ಒಳಗೊಂದು ಪುಟ್ಟ ಮೋಟರ್ ಇಟ್ಟು, ಬೀಗ ಹಾಕುವ ತೆಗೆಯುವ ಕೆಲಸವನ್ನು ಅದಕ್ಕೆ ವಹಿಸಿದರು. ಕೀ ಹಾಕಿದಾಗ ಗುರ್ ಅಂತ ಒಂದು ಸಣ್ಣ ಸದ್ದು ಬರುತ್ತದಲ್ಲ, ಅದೇ. ಬೀಗ ಬಿಟ್ಟಿದೆ ಅಂತ ಕಾರಿನ ಕಂಪ್ಯೂಟರ್‌ಗೆ ಖಾತ್ರಿಯಾಗದಿದ್ದರೆ ಡ್ಯಾಶ್‌ಬೋರ್ಡ್ ಪರದೆಯಲ್ಲಿ ಮೊದಲು ‘ಪುಲ್ ಕೀ ವೇಟ್ 10 ಸೆಕ್’ ಅಂತ ಬರುತ್ತದೆ, ಅಂದರೆ ಕೀ ತೆಗೆದು ಹತ್ತು ಸೆಕೆಂಡ್ ಕಾಯಿರಿ ಅಂತ. ಆಮೇಲೆ ‘ಸರ್ವಿಸ್ ಕಾಲಮ್ ಲಾಕ್’, ಅಂದರೆ ಸ್ಟೇರಿಂಗ್ ಬೀಗ ರಿಪೇರಿ ಮಾಡಿಸಿ ಅಂತ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಕಾರು ಒಂಚೂರು ಮುಂದೆ ಹೋಗುತ್ತಿದ್ದಂತೆ ಪೆಟ್ರೋಲ್ ನಿಂತು ಆಫ್ ಆಗುತ್ತದೆ. ಬೀಗ ಬಿದ್ದ ಸ್ಟೇರಿಂಗ್ ಹಿಡಿದು ಯಾರೂ ರಸ್ತೆಗೆ ಇಳಿಯದಿರಲಿ ಅಂತ ಬೇಕಂತಲೇ ಮಾಡಿದ ಏರ್ಪಾಡು ಅದು. ಇದು ಗೊತ್ತಿಲ್ಲದೆ ಫ್ಯುಯೆಲ್ ಪಂಪ್ ಬದಲಾಯಿಸಿದರೆ ಸುಮ್ನೆ ದುಡ್ಡು ದಂಡ.

ಹಾಗಾದರೆ ಮೊದಲು ಏನು ನೋಡಬೇಕು? ಬ್ಯಾಟರಿ. ಬೀಗದ ಮೋಟರ್ ಓಡುವುದೂ ಅದರಿಂದಲೇ. ಈ ಕಾರುಗಳು ವಾರಗಟ್ಟಲೆ ಶೆಡ್ಡಿನಲ್ಲೇ ನಿಂತಿರುವುದು ಜಾಸ್ತಿ, ಅಲ್ವಾ? ನಿಂತ ಕಾರಿನಲ್ಲಿ ಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ಇರಬೇಕು. 12ಕ್ಕೆ ಇಳಿದಿದ್ದರೆ ಬೇರೇನೂ ಮುಟ್ಟಬೇಡಿ, ಚಾರ್ಜ್ ಮಾಡಿ ಆಮೇಲೆ ನೋಡಿ. ಟರ್ಮಿನಲ್‌ಗಳು ಬ್ಯಾಟರಿಯ ಪಕ್ಕಕ್ಕೆ ಬೋಲ್ಟ್ ಹಾಕಿ ಕೂರಿಸುವಂಥವು, ನೋಡಲು ಬಿಗಿ ಅನ್ನಿಸಿದರೂ ಒಳಗೆ ಸಡಿಲ ಇರಬಹುದು, ಕಿಲುಬು ಹಿಡಿದಿರಬಹುದು, ಹಾಗಾಗಿ ಬಿಚ್ಚಿಯೇ ನೋಡಬೇಕು. ಬ್ಯಾಟರಿ ಸೋರುತ್ತಿದ್ದರಂತೂ ಆ್ಯಸಿಡ್ ನೇರ ಕೆಳಗಿರುವ ವೈರುಗಳ ಮೇಲೆ, ಎಂಜಿನ್ ಕಂಪ್ಯೂಟರ್ ಮೇಲೆ ತೊಟ್ಟಿಕ್ಕುತ್ತದೆ. ಬ್ಯಾಟರಿ ಇಡುವ ಜಾಗಕ್ಕೆ ಇದಕ್ಕಿಂತ ಕೆಟ್ಟ ಮೂಲೆ ಸಿಗಲಿಲ್ಲವೇನೋ!

ಎರಡನೆಯದು, ಚಕ್ರ ಫುಟ್‌ಪಾತ್ ಅಂಚಿಗೆ ಒತ್ತಿಕೊಂಡು ನಿಂತಿದ್ದರೆ ಬೀಗದ ಪಿನ್ನಿನ ಮೇಲೆ ಭಾರ ಬೀಳುತ್ತದೆ, ಪುಟ್ಟ ಮೋಟರ್‌ಗೆ ಎಳೆಯಲು ಆಗುವುದಿಲ್ಲ. ಸ್ಟೇರಿಂಗನ್ನು ಮೆಲ್ಲಗೆ ಆಚೆ ಈಚೆ ಅಲುಗಾಡಿಸುತ್ತಾ ಕೀ ತಿರುಗಿಸಿ. ಜೋರು ಮಾಡಬೇಡಿ.

ಅದಕ್ಕೂ ಬಗ್ಗದಿದ್ದರೆ ಕೋಡ್ ಓದಿ, ಅಂದರೆ ಏನು ತೊಂದರೆ ಅಂತ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ಸಂಕೇತ. ಇದಕ್ಕೆ ಹೊರಗಿನ ಯಂತ್ರವೇ ಬೇಕಿಲ್ಲ. ಕೀ ಆನ್ ಮಾಡಿ, ಡ್ಯಾಶ್‌ಬೋರ್ಡ್‌ನ ‘ಆಪ್ಷನ್ಸ್’ ಬಟನ್ ಒತ್ತಿ ಹಿಡಿದು ‘ಫ್ಯುಯೆಲ್’ ಬಟನ್ ನಾಲ್ಕು ಸಲ ಒತ್ತಿದರೆ ಕಾರೇ ತನ್ನ ಕಾಯಿಲೆ ಹೇಳುತ್ತದೆ. ಕೋಡ್ ಪಕ್ಕ ‘ಸಿ’ ಇದ್ದರೆ ಈಗಿನ ತೊಂದರೆ, ‘ಎಚ್’ ಇದ್ದರೆ ಹಳೆಯದು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ಬಂದರೆ ಬೀಗವನ್ನಲ್ಲ, ಅರ್ಥ್ ವೈರುಗಳನ್ನೂ ಸವೆದ ಇಗ್ನಿಷನ್ ಸ್ವಿಚ್ಚನ್ನೂ ಅನುಮಾನಿಸಿ.

ಕಾರ್ವೆಟ್ ತಯಾರಿಸುವ ಜನರಲ್ ಮೋಟರ್ಸ್ ಕಂಪನಿ 2004ರಲ್ಲಿ ಇದೇ ತೊಂದರೆಗೆ ಈ ಕಾರುಗಳನ್ನು ವಾಪಸ್ ಕರೆದು ರಿಪೇರಿ ಮಾಡಿಕೊಟ್ಟಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಾಸಿ ನಂಬರ್ ಕೊಟ್ಟು, ಆ ಕೆಲಸ ಆಗಿದೆಯಾ ಅಂತ ವಿಚಾರಿಸಿಯೇ ದುಡ್ಡು ಕೊಡಿ. ಬೀಗವನ್ನೇ ಬೈಪಾಸ್ ಮಾಡುವ ಪುಟ್ಟ ಕಿಟ್‌ಗಳೂ ಸಿಗುತ್ತವೆ. ನನ್ನ ಕೇಳಿದರೆ, ಬೀಗ ಬಿಟ್ಟಿರುವಾಗಲೇ ಆ ಕಿಟ್ ಹಾಕಿಸುವುದು ಜಾಣತನ, ಬೀಗ ಬಿದ್ದ ಮೇಲೆ ಕಾಲಮ್ ಬಿಚ್ಚುವ ಕೆಲಸ ಬರುತ್ತದೆ.

ದಾರಿಯಲ್ಲೇ ಕೈಕೊಟ್ಟರೆ, ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ. ಸ್ಟೇರಿಂಗ್ ತಿರುಗುವುದಿಲ್ಲ ಅಂತ ಫೋನಿನಲ್ಲೇ ಹೇಳಿಬಿಡಿ.