ಹೆಂಡತಿಯ ಪಾಸ್‌ಪೋರ್ಟ್ ನಿಮ್ಮ ಕಪಾಟಿನಲ್ಲಿ ಯಾಕಿದೆ ಅಣ್ಣಾ?

ಎಲ್ಲರಿಗೂ ನಮಸ್ಕಾರ. ಇವತ್ತು ಶಾರ್ಜಾದ ಮನೆ ಬಾಡಿಗೆ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದು ಹಾಗೇ ಇರಲಿ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮೇಡಂ, ವೀಸಾ ಪಾಸ್‌ಪೋರ್ಟ್ ಎಲ್ಲ ಗಂಡಸರು ನೋಡಿಕೊಳ್ಳುತ್ತಾರೆ. ಹೆಂಗಸರಿಗೆ ಸುಮ್ನೆ ಯಾಕೆ ತಲೆಬಿಸಿ ಕೊಡ್ತೀರಿ?" ನನ್ನ ವಿಡಿಯೋಗಿಂತ ಆ ಕಮೆಂಟಿಗೇ ಜಾಸ್ತಿ ಲೈಕ್ ಬಿದ್ದಿದೆ.

ಸರಿ ಅಣ್ಣಾ. ಗಂಡಸರು ಹೇಗೆ ನೋಡಿಕೊಂಡರು ಅಂತ ಹೇಳ್ತೇನೆ, ಕೇಳಿ.

ನನಗೆ ಗೊತ್ತಿರುವ ಒಬ್ಬಳು ಹೆರಿಗೆಗೆ ಅಂತ ದುಬೈನಿಂದ ತವರಿಗೆ ಹೋದಳು. ಉಡುಪಿ ಕಡೆ. ಬಾಣಂತನ ಮುಗಿಯುವ ಹೊತ್ತಿಗೆ ಬಸ್ಸಿನಲ್ಲಿ ಹ್ಯಾಂಡ್‌ಬ್ಯಾಗ್ ಹೋಯಿತು. ಪಾಸ್‌ಪೋರ್ಟ್ ಅದರಲ್ಲೇ, ಯುಎಇ ಸರ್ಕಾರ ಕೊಡುವ ಗುರುತಿನ ಚೀಟಿ ಎಮಿರೇಟ್ಸ್ ಐಡಿಯೂ ಅದರಲ್ಲೇ. ಪೊಲೀಸ್ ಸ್ಟೇಷನ್ನಿನಲ್ಲಿ ಪಾಸ್‌ಪೋರ್ಟ್ ನಂಬರ್ ಕೇಳಿದರು. ಅವಳಿಗೆ ಗೊತ್ತಿಲ್ಲ. ಗಂಡನಿಗೆ ಫೋನ್ ಮಾಡಿದಳು. ಅವನು ಸೈಟಿನಲ್ಲಿ, ಫೋನ್ ಎತ್ತಲಿಲ್ಲ. ರಾತ್ರಿ ಎತ್ತಿದ. "ಕಾಪಿ ಎಲ್ಲ ಕಂಪನಿ ಪಿಆರ್‌ಓ ಹತ್ತಿರ ಇದೆ, ಅವನು ರಜೆಯಲ್ಲಿದ್ದಾನೆ" ಅಂದ. ಪಿಆರ್‌ಓ ಅಂದರೆ ಕಂಪನಿಯಲ್ಲಿ ವೀಸಾ ಕಾಗದಪತ್ರ ನೋಡುವವನು. ಇದು ನೋಡಿಕೊಂಡ ಲೆಕ್ಕ!

ನಾನು ಹೇಳುವುದು ಒಂದೇ ಮಾತು. ಅವಳ ಕಾಗದ ಅವಳ ಕೈಲಿರಲಿ. ಪಾಸ್‌ಪೋರ್ಟ್ ಇರುವುದು ಅವಳ ಹೆಸರಲ್ಲಿ, ಫೋಟೋ ಅವಳದ್ದು, ಸಹಿ ಅವಳದ್ದು. ನಂಬರ್ ಮಾತ್ರ ಇಡೀ ಊರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಪಾಸ್‌ಪೋರ್ಟ್ ಕಳೆದ ಕೂಡಲೇ ಮನೆಯಲ್ಲಿ ಅಳು ಶುರು. "ಅಯ್ಯೋ, ವೀಸಾನೂ ಹೋಯ್ತು." ಇಲ್ಲ ಮಾರಾಯ್ರೇ, ವೀಸಾ ಹೋಗಿಲ್ಲ. ಯುಎಇಯಲ್ಲಿ 2022ರ ಏಪ್ರಿಲ್‌ನಿಂದ ಪಾಸ್‌ಪೋರ್ಟಿನಲ್ಲಿ ರೆಸಿಡೆನ್ಸಿ, ಅಂದರೆ ಅಲ್ಲಿ ವಾಸ ಮಾಡುವ ವೀಸಾದ, ಸ್ಟಿಕ್ಕರ್ ಅಂಟಿಸುವುದನ್ನೇ ನಿಲ್ಲಿಸಿದ್ದಾರೆ. ನಿಮ್ಮ ರೆಸಿಡೆನ್ಸಿ ಇರುವುದು ಅವರ ಸಿಸ್ಟಮ್ಮಿನಲ್ಲಿ. ಪುಸ್ತಕ ಬಸ್ಸಿನಲ್ಲಿ ಬಿದ್ದರೆ ಸಿಸ್ಟಮ್ಮಿಗೆ ಏನಾಗಬೇಕು?

ತೊಂದರೆ ಇರುವುದು ಬೇರೆ ಕಡೆ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುತ್ತದೆ. ಅಲ್ಲಿ ಫೈಲಿನಲ್ಲಿ ಹಳೇ ನಂಬರ್ ಇದೆ. ಎರಡೂ ತಾಳೆ ಆಗದಿದ್ದರೆ ಮಂಗಳೂರು ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಹಾಗಾಗಿ ಮೊದಲು ಪೊಲೀಸ್ ದೂರು. ಆಮೇಲೆ ಎಲ್ಲಿ, ಹೇಗೆ ಕಳೆಯಿತು ಅಂತ ಅಫಿಡವಿಟ್. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ. ಕಳೆದುಹೋದ 36 ಪುಟದ ಪಾಸ್‌ಪೋರ್ಟಿಗೆ 3,000 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2,000. ಹೊಸದು ಕೈಗೆ ಬಂದ ಮೇಲೆ ಅದರ ನಂಬರನ್ನು ಯುಎಇ ಫೈಲಿಗೆ ಸೇರಿಸಬೇಕು. ದುಬೈ ವೀಸಾ ಆದರೆ ಅಲ್ಲಿನ ವೀಸಾ ಇಲಾಖೆ ಜಿಡಿಆರ್‌ಎಫ್‌ಎ, ಶಾರ್ಜಾದಂಥ ಬೇರೆ ಎಮಿರೇಟ್ ಆದರೆ ಯುಎಇ ಕೇಂದ್ರ ಸರ್ಕಾರದ ಇಲಾಖೆ ಐಸಿಪಿ. ಇನ್ನೊಂದು ಮಾತು. ಕಳೆದಿದೆ ಅಂತ ದೂರು ಕೊಟ್ಟ ಪಾಸ್‌ಪೋರ್ಟ್ ನಾಳೆ ಸೋಫಾ ಸಂದಿಯಲ್ಲಿ ಸಿಕ್ಕಿದರೂ ಅದರಲ್ಲಿ ಪ್ರಯಾಣ ಮಾಡಬೇಡಿ. ಅದರ ಕತೆ ಮುಗಿದಿದೆ.

ಈ ಪ್ರತಿ ಹಂತದಲ್ಲೂ ಏನು ಕೇಳುತ್ತಾರೆ ಹೇಳಿ? ಹಳೇ ಪಾಸ್‌ಪೋರ್ಟ್ ಕಾಪಿ, ಎಮಿರೇಟ್ಸ್ ಐಡಿ ಕಾಪಿ, ವೀಸಾ ಫೈಲ್ ನಂಬರ್. ಅವೆಲ್ಲ ಎಲ್ಲಿವೆ? ರಜೆಯಲ್ಲಿರುವ ಪಿಆರ್‌ಓ ಹತ್ತಿರ!

ಇದರ ಜೊತೆ ದಿನ ಬೇರೆ ಓಡುತ್ತಿರುತ್ತದೆ. ಒಂದೇ ಸಮನೆ 180 ದಿನಕ್ಕಿಂತ ಜಾಸ್ತಿ ಯುಎಇ ಹೊರಗಿದ್ದರೆ ಸಾಮಾನ್ಯ ರೆಸಿಡೆನ್ಸಿ ಬಿದ್ದುಹೋಗುತ್ತದೆ. ದೀರ್ಘಾವಧಿಯ ಗೋಲ್ಡನ್ ವೀಸಾದವರಿಗೆ ಈ ಚಿಂತೆ ಇಲ್ಲ. ಅವರು ಈ ಚಾನೆಲ್ ನೋಡುವುದೂ ಇಲ್ಲ ಬಿಡಿ. ನಮ್ಮ ಹೆಣ್ಣುಮಕ್ಕಳ ಲೆಕ್ಕ ನೋಡಿ. ಏಳನೇ ತಿಂಗಳಲ್ಲಿ ವಿಮಾನ ಹತ್ತುತ್ತಾರೆ. ಹೆರಿಗೆ, ಬಾಣಂತನ, ತೊಟ್ಟಿಲು ಶಾಸ್ತ್ರ. ಮಗುವಿಗೆ ಜನನ ಪ್ರಮಾಣಪತ್ರ, ಅದಕ್ಕೊಂದು ಪಾಸ್‌ಪೋರ್ಟ್, ವೀಸಾ. ಆರು ತಿಂಗಳು ಹೀಗೆಯೇ ಕರಗುತ್ತದೆ. ಅದರ ಮಧ್ಯೆ ತಾಯಿಯ ಪಾಸ್‌ಪೋರ್ಟ್ ಕಳೆದರೆ ಮುಗಿಯಿತು. ಆಮೇಲೆ ಕಾರಣ ತೋರಿಸಿ, ದಾಖಲೆ ಹಾಕಿ, ವಾಪಸ್ ಬರಲು ಅನುಮತಿ ಕೇಳಬೇಕು. ಮಿತಿ ದಾಟಿದ ಪ್ರತಿ 30 ದಿನಕ್ಕೆ 100 ದಿರ್ಹಮ್ ದಂಡ. ಒಪ್ಪುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಒಪ್ಪದಿದ್ದರೆ ಫ್ಯಾಮಿಲಿ ವೀಸಾ ಮೊದಲಿನಿಂದ. ಮದುವೆ ಸರ್ಟಿಫಿಕೇಟ್ ಅಟೆಸ್ಟೇಷನ್ ಮಾಡಿಸಿದ ಮೂಲಪ್ರತಿ ಎಲ್ಲಿದೆ ಅಂತ ಮತ್ತೆ ಹುಡುಕಾಟ. ಅದೂ ಅವನ ಕಪಾಟಿನಲ್ಲೇ ಇರುತ್ತದೆ.

ಈಗ ಕೆಲವರು ಹೇಳುತ್ತಾರೆ, "ಅವಳ ವೀಸಾಕ್ಕೆ ಸ್ಪಾನ್ಸರ್ ಗಂಡ ಅಲ್ವಾ? ಅರ್ಜಿ ಅವನೇ ಹಾಕಬೇಕು." ಹಾಕಲಿ ಮಾರಾಯ್ರೇ, ಬೇಡ ಅಂದವರು ಯಾರು? ಸ್ಪಾನ್ಸರ್ ಆದವನು ಅರ್ಜಿ ಹಾಕುತ್ತಾನೆ. ಹೆಂಡತಿಯ ಹತ್ತಿರ ಆ ಕಾಗದಗಳ ಒಂದು ಫೋಟೋ ಇದ್ದರೆ ಅವನ ಸ್ಪಾನ್ಸರ್‌ಗಿರಿ ಸವೆದು ಹೋಗುತ್ತದಾ? ಇನ್ನೊಬ್ಬರು, "ನಮ್ಮವಳಿಗೆ ಇದೆಲ್ಲ ಗೊತ್ತಾಗಲ್ಲ." ಇನ್‌ಸ್ಟಾಗ್ರಾಮಿನಲ್ಲಿ ಮೀನು ಫ್ರೈ ರೀಲ್ ಎಡಿಟ್ ಮಾಡಿ, ಹಾಡು ಕೂಡಿಸಿ, ಸಬ್‌ಟೈಟಲ್ ಹಾಕುವವಳಿಗೆ ಒಂದು ಪಿಡಿಎಫ್ ಸೇವ್ ಮಾಡಲು ಬರುವುದಿಲ್ವಾ? "ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನವರು ಮಾಡಿ ಕೊಡ್ತಾರೆ" ಅನ್ನುವವರಿಗೆ ಉತ್ತರವನ್ನೇ ಕೊಡುವುದಿಲ್ಲ. ಟೈಪಿಂಗ್ ಸೆಂಟರಿನವನು ಮೊದಲು ಕೇಳುವುದೇ ಪಾಸ್‌ಪೋರ್ಟ್ ಕಾಪಿ.

ಹಾಂ, ಮಧ್ಯದಲ್ಲಿ ಒಂದು ನಿಮಿಷ. ಊರಿಗೆ ಹೋಗುವ ಮುಂಚೆ ಏನೇನು ಫೋಟೋ ತೆಗೆದಿಡಬೇಕು ಅಂತ ಕನ್ನಡದಲ್ಲಿ ಒಂದು ಪಟ್ಟಿ ಮಾಡಿದ್ದೇನೆ. ಲಿಂಕ್ ಕೆಳಗಿದೆ, ಫ್ರೀ. ಸಬ್‌ಸ್ಕ್ರೈಬ್ ಮಾಡಿದರೆ ನನಗೆ ಖುಷಿ, ಮಾಡದಿದ್ದರೂ ಪಟ್ಟಿ ಸಿಗುತ್ತದೆ. ಮಾಡಿ ಆದರೂ.

ಎಲ್ಲಿದ್ದೆ? ಹಾಂ, ಕಪಾಟು. ಗಲ್ಫ್‌ನಲ್ಲಿ ಕಂಪನಿ ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡರೆ ನಾವು ಎಷ್ಟು ಕೂಗಾಡುತ್ತೇವೆ? ಯುಎಇಯಲ್ಲಿ ಮಾಲೀಕರು ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಆಗ ಎಲ್ಲರಿಗೂ ಕಾನೂನು ನೆನಪಾಗುತ್ತದೆ. ಮನೆಗೆ ಬಂದು ಅದೇ ಮನುಷ್ಯ ಹೆಂಡತಿಯ ಪಾಸ್‌ಪೋರ್ಟಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸುತ್ತಾನೆ. ಅದು ಪ್ರೀತಿ ಅಂತೆ, ಜವಾಬ್ದಾರಿ ಅಂತೆ! ಅಣ್ಣಾ, 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ನಿಮ್ಮದಲ್ಲ. ಹೆಂಡತಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಗಂಡನ ಸಹಿ ಬೇಡ ಅಂತ ಮದ್ರಾಸ್ ಹೈಕೋರ್ಟ್ 2025ರಲ್ಲಿ ಹೇಳಿದೆ. ಮಾಡಿಸುವುದಕ್ಕೇ ನಿಮ್ಮ ಸಹಿ ಬೇಡ, ಇಟ್ಟುಕೊಳ್ಳುವುದಕ್ಕೆ ನಿಮ್ಮ ಕಪಾಟು ಬೇಕಾ?

ಎಮಿರೇಟ್ಸ್ ಐಡಿ ಇದ್ದರೆ ಅವಳ ಫೋನಿನಲ್ಲೇ ಅವಳದೇ ಯುಎಇ ಪಾಸ್, ಅಂದರೆ ಅಲ್ಲಿನ ಸರ್ಕಾರಿ ಡಿಜಿಟಲ್ ಗುರುತಿನ ಆ್ಯಪ್, ಮಾಡಿಕೊಳ್ಳಬಹುದು. ದುಡ್ಡು ಕೊಡಬೇಕಾಗಿಲ್ಲ. ಮಾಡಿ ಕೊಡಿ. ಇಲ್ಲ, ನೀವು ಮಾಡಿ ಕೊಡುವುದೂ ಬೇಡ. ಅವಳೇ ಮಾಡಿಕೊಳ್ಳಲಿ, ನೀವು ಒಂದು ಕಪ್ ಚಹಾ ಮಾಡಿ. ಸಕ್ಕರೆ ಡಬ್ಬ ಎಲ್ಲಿದೆ ಅಂತ ಗೊತ್ತು ತಾನೆ? ಗೊತ್ತಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕೆಳಗೆ ಒಬ್ಬರು ಬರೆಯುತ್ತಾರೆ ನೋಡಿ, "ಮೇಡಂ, ಸಂಸಾರ ಒಡೆಯಬೇಡಿ" ಅಂತ. ಪಾಸ್‌ಪೋರ್ಟ್ ಫೋಟೋ ತೆಗೆದರೆ ಒಡೆಯುವ ಸಂಸಾರ ಆದರೆ ನನ್ನನ್ನು ಬೈದು ಏನು ಪ್ರಯೋಜನ? ಬರೆಯಿರಿ. ಬರೆದರೆ ಅಲ್ಗಾರಿದಂಗೆ ಒಳ್ಳೆಯದು. ಇನ್ನೂ ಜಾಸ್ತಿ ಗಂಡಂದಿರಿಗೆ ಈ ವಿಡಿಯೋ ತೋರಿಸುತ್ತದೆ.

ಅವಳ ಕಾಗದ ಅವಳ ಕೈಲಿರಲಿ. ಕೈಲಿರಲಿ! ಯಾಕೆ ಅಂತ ಇನ್ನು ಕೇಳಬೇಡಿ, ನನಗೆ ಗಂಟಲು ನೋವು. ಸ್ಕ್ರಿಪ್ಟಿನಲ್ಲಿ ಇನ್ನೂ ಮೂರು ಕಾರಣ ಬರೆದಿದ್ದೆ, ಅವನ್ನು ಓದುವುದಿಲ್ಲ. ಇದನ್ನು ನೋಡುತ್ತಿರುವ ಅಕ್ಕಂದಿರೇ, ವಿಡಿಯೋ ನಿಲ್ಲಿಸಿ, ಎದ್ದು ಹೋಗಿ ಕೀಲಿ ಕೇಳಿ. ಶಾರ್ಜಾ ಬಾಡಿಗೆ ವಿಷಯ ಮುಂದಿನ ಶುಕ್ರವಾರ.